ಎರಡರ ಘಾತಕ್ಕೆ ಒಂದು ಕಡಿಮೆ

ಇದುವರೆಗೆ ಸಿಕ್ಕಿರುವ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ 2¹³⁶²⁷⁹⁸⁴¹−1. ಬಿಡಿಸಿ ಬರೆದರೆ 4,10,24,320 ಅಂಕಿಗಳು. ಪುಟಕ್ಕೆ ಎರಡು ಸಾವಿರ ಅಂಕಿ ತುರುಕಿದರೂ ಇಪ್ಪತ್ತು ಸಾವಿರ ಪುಟ ದಾಟುತ್ತದೆ. ಅದಕ್ಕಿಂತ ಚಿಕ್ಕವಾದ, ಯಾರ ಕಣ್ಣಿಗೂ ಬೀಳದ ಅವಿಭಾಜ್ಯಗಳು ಲೆಕ್ಕವಿಲ್ಲದಷ್ಟಿವೆ. ಆದರೂ ದಾಖಲೆ ಹೆಚ್ಚುಕಮ್ಮಿ ಪ್ರತಿ ಸಲವೂ ಇದೇ ಮನೆತನಕ್ಕೆ ಹೋಗುತ್ತದೆ. ಕಾರಣ ಇಷ್ಟೇ: ಈ ಮನೆತನವನ್ನು ಪರೀಕ್ಷಿಸುವುದು ಸುಲಭ.

ಮನೆತನಕ್ಕೆ ಹೆಸರು ಕೊಟ್ಟವನು ಪ್ಯಾರಿಸ್ಸಿನ ಸನ್ಯಾಸಿ ಮರಾಂ ಮೆರ್ಸೆನ್. ಇಂಥ ಸಂಖ್ಯೆ ಅವಿಭಾಜ್ಯವಾಗಲು ಘಾತ ಅವಿಭಾಜ್ಯವಾಗಿದ್ದರೆ ಸಾಲದು. 2¹¹−1 ಎಂದರೆ 2047, ಅದು 23×89. ಯಾವ ಘಾತಗಳು ನಡೆಯುತ್ತವೆಂದು 1644ರಲ್ಲಿ ಅವನು 257ರವರೆಗೆ ಪಟ್ಟಿ ಮಾಡಿದ. 67 ಮತ್ತು 257 ತಪ್ಪಾಗಿ ಸೇರಿದ್ದವು; 61, 89, 107 ಬಿಟ್ಟುಹೋಗಿದ್ದವು. ಕಂಪ್ಯೂಟರ್ ಬಲ್ಲವರಿಗೆ ಚಿರಪರಿಚಿತವಾದ 2147483647, ಅಂದರೆ 2³¹−1, ಅವಿಭಾಜ್ಯವೆಂದು ಆಯ್ಲರ್ 1772ರಲ್ಲಿ ಸಾಧಿಸಿದ.

ನಿಜವಾದ ತಿರುವು ಎದುವಾರ್ ಲ್ಯೂಕಾನದು. ಭಾಜಕಗಳನ್ನು ಒಂದೊಂದಾಗಿ ಹುಡುಕುವ ಗೋಜೇ ಬೇಡವೆಂದು ಅವನು 1876ರಲ್ಲಿ ತೋರಿಸಿದ. 1930ರಲ್ಲಿ ಡೆರಿಕ್ ಲೆಹ್ಮರ್ ತಿದ್ದಿದ ಮೇಲೆ ವಿಧಾನ ಹೀಗಿದೆ: 4ರಿಂದ ಶುರುಮಾಡಿ, ವರ್ಗ ಮಾಡಿ, 2 ಕಳೆದು, ಪರೀಕ್ಷೆಯ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಸೊನ್ನೆ ಬಂದರೆ ಅವಿಭಾಜ್ಯ. 2⁵−1, ಅಂದರೆ 31ಕ್ಕೆ ಮೂರು ಸಲ ಸಾಕು: 4ರಿಂದ 14, 14ರಿಂದ 194, ಶೇಷ 8, 8ರಿಂದ 62, ಶೇಷ ಸೊನ್ನೆ. ಒಂದು ಕೂಡಿಸಿದರೆ ಸಂಖ್ಯೆ ಬರೀ ಎರಡುಗಳ ಗುಣಲಬ್ಧವಾಗುವುದರಿಂದಲೇ ಈ ಕೈಚಳಕ ಸಾಧ್ಯ. ಲ್ಯೂಕಾ ಗೆದ್ದ 39 ಅಂಕಿಗಳ 2¹²⁷−1 ಮುಂದೆ 75 ವರ್ಷ ದಾಖಲೆಯಾಗಿ ಉಳಿಯಿತು.

2⁶⁷−1 ಒಡೆಯುತ್ತದೆಂದೂ ಅವನೇ ಹೇಳಿದ್ದ. ಎಲ್ಲಿ ಒಡೆಯುತ್ತದೆಂದು ಹೇಳಲಾಗಲಿಲ್ಲ. 193707721×761838257287 ಎಂದು ಫ್ರಾಂಕ್ ಕೋಲ್ ತೋರಿಸಿದ್ದು 1903ರಲ್ಲಿ. ನನಗೆ ಇಡೀ ಚರಿತ್ರೆಯಲ್ಲಿ ಅತ್ಯಂತ ಕುತೂಹಲದ ಸಂಗತಿ ಈ 27 ವರ್ಷಗಳ ಅಂತರವೇ.

ಉಳಿದದ್ದು ಬಹುಪಾಲು ಯಂತ್ರಬಲ. 1952ರಲ್ಲಿ ರಾಫೆಲ್ ರಾಬಿನ್ಸನ್ ಸ್ವ್ಯಾಕ್ ಕಂಪ್ಯೂಟರಿನಿಂದ ಒಂದೇ ವರ್ಷದಲ್ಲಿ ಐದನ್ನು ಹೆಕ್ಕಿದರು. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಕಟ್ಟಿದ ಗಿಂಪ್ಸ್ ಯೋಜನೆ ಸ್ವಯಂಸೇವಕರ ಮನೆ ಕಂಪ್ಯೂಟರುಗಳನ್ನು ದುಡಿಮೆಗೆ ಹಚ್ಚಿತು. ಅದೇ ಯೋಜನೆಯಲ್ಲಿ ಲ್ಯೂಕ್ ಡ್ಯುರಾಂಟ್ 2024ರ ಅಕ್ಟೋಬರಿನಲ್ಲಿ ಗ್ರಾಫಿಕ್ಸ್ ಚಿಪ್ಪುಗಳ ನೆರವಿನಿಂದ ಈಗಿನ ದಾಖಲೆ ಹಿಡಿದರು. ಕೊನೆಯ ಮುದ್ರೆ ಒತ್ತಿದ್ದು ಲ್ಯೂಕಾ–ಲೆಹ್ಮರ್ ಪರೀಕ್ಷೆಯೇ. ಐಐಟಿ ಕಾನ್ಪುರದ ಅಗ್ರವಾಲ್, ಕಯಾಲ್, ಸಕ್ಸೇನಾ 2002ರಲ್ಲಿ ಎಲ್ಲ ಸಂಖ್ಯೆಗಳಿಗೂ ಒಗ್ಗುವ ಪರೀಕ್ಷೆ ಕೊಟ್ಟು ಜಗತ್ತನ್ನೇ ಬೆರಗುಗೊಳಿಸಿದರು ನಿಜ. ಆದರೆ ದಾಖಲೆಬೇಟೆಗೆ ಅದು ತೀರಾ ನಿಧಾನ.

ಲ್ಯೂಕಾನ ಅಂತರ ಇನ್ನೂ ಮುಚ್ಚಿಲ್ಲ. 2¹²⁷⁷−1ಕ್ಕೆ ಕೇವಲ 385 ಅಂಕಿ. ಅದು ಅವಿಭಾಜ್ಯವಲ್ಲವೆಂದು ಮಾಮೂಲಿ ಲ್ಯಾಪ್‌ಟಾಪ್ ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತದೆ. ಅದರ ಒಂದೇ ಒಂದು ಅಪವರ್ತನವೂ ಇನ್ನೂ ಸಿಕ್ಕಿಲ್ಲ.