ಅಡುಗೆಯ ಮನೆಯೂ ಮನೆಯ ವಿಕ್ರಯವೂ

ಮನೆಯ ಅಂಗಗಳಲ್ಲಿ ಕಾಲದ ಪೆಟ್ಟಿಗೆ ಮೊದಲು ಗುರಿಯಾಗುವುದು ಅಡುಗೆಯ ಮನೆ. ಹಜಾರದ ಕಂಬಗಳು ನಾಲ್ಕು ತಲೆಮಾರುಗಳವರೆಗೂ ನಿಂತಲ್ಲಿಯೇ ನಿಂತಿರುತ್ತವೆ. ದೇವರ ಮನೆಯ ಬಾಗಿಲುವಾಡಕ್ಕೆ ಎಣ್ಣೆ ಸವರಿದರೆ ಸಾಕು, ಹೊಸತಾಗಿ ತೋರುತ್ತದೆ. ಒಲೆಯ ಬಳಿಯಲ್ಲಿಯಾದರೋ ಬೆಂಕಿ, ನೀರು, ಹೊಗೆ, ಜಿಡ್ಡುಗಳು ಒಂದು ದಿನವೂ ಬಿಡುವಿಲ್ಲದೆ ತಮ್ಮ ಕೆಲಸವನ್ನು ನಡೆಸುತ್ತಿರುತ್ತವೆ. ಆದಕಾರಣ ಹಳೆಯ ಮನೆಯನ್ನು ಮಾರಬೇಕಾಗಿ ಬಂದ ಕುಟುಂಬದಲ್ಲಿ ಮೊದಲು ಏಳುವ ಚರ್ಚೆಯೂ ಅಡುಗೆಯ ಮನೆಯದೇ: ಅದನ್ನು ಈಗಿನ ರೀತಿಗೆ ತಿದ್ದಿಸಿ ಮಾರುವುದೋ, ಇದ್ದಂತೆಯೇ ಮಾರಿ ಕ್ರಯದಲ್ಲಿ ಸ್ವಲ್ಪ ಬಿಡುವುದೋ? ಇದು ಬರಿಯ ರೂಪಾಯಿಗಳ ಲೆಕ್ಕವೆಂದು ತೋರಬಹುದು. ಆದರೆ ಅಡುಗೆಯ ಮನೆ ಯಾವ ಯಾವ ಕಾರಣಗಳಿಂದ ಬದಲಾಗುತ್ತ ಬಂದಿತೆಂಬುದನ್ನು ನೋಡಿದಲ್ಲಿ, ಉತ್ತರದ ಬಹುಭಾಗ ಆ ಚರಿತ್ರೆಯಲ್ಲಿಯೇ ದೊರೆಯುತ್ತದೆ.

ಕನ್ನಡಿಗರು ಈ ವಿಷಯವನ್ನು ಅಲ್ಪವೆಂದು ಎಣಿಸಿದವರಲ್ಲ. 11ನೆಯ ಶತಮಾನದಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವಾಸ್ತುವೂ ಸೂಪಶಾಸ್ತ್ರವೂ ಒಂದೇ ಗ್ರಂಥದೊಳಗೆ ಸ್ಥಾನ ಪಡೆದಿವೆ. 16ನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ಪಾಕವಿಷಯಕ್ಕೇ ಒಂದು ಕಾವ್ಯವನ್ನು ಮೀಸಲಿಟ್ಟನು. ವಾಸ್ತುಶಾಸ್ತ್ರವು ಅಡುಗೆಯ ಮನೆಗೆ ಅಗ್ನಿಯ ದಿಕ್ಕಾದ ಆಗ್ನೇಯ ಮೂಲೆಯನ್ನು ವಿಧಿಸಿತು. ಆ ವಿಧಿ ಇಂದಿಗೂ ಮನೆ ಕೊಳ್ಳುವವರಲ್ಲಿ ಅನೇಕರ ಮನಸ್ಸಿನಲ್ಲಿ ಬೇರೂರಿದೆ.

ನಾಡಿನ ಹಳೆಯ ಮನೆಗಳಲ್ಲಿ ಅಡುಗೆಯು ನೆಲದ ಮಟ್ಟದಲ್ಲಿ ನಡೆಯುತ್ತಿದ್ದಿತು. ಮಣ್ಣಿನ ಒಲೆ, ನೆಲದಲ್ಲಿ ಹೂತ ಒರಳು, ಕುಳಿತು ಹೆಚ್ಚುವುದಕ್ಕೆ ಈಳಿಗೆಮಣೆ, ಮೇಲೆ ಅಟ್ಟ: ಇಷ್ಟೇ ಅದರ ಸಲಕರಣೆ. ಹೊಗೆಯು ಹೆಂಚಿನ ಸಂದುಗಳಿಂದಲೂ ಗವಾಕ್ಷಿಯಿಂದಲೂ ಮೆಲ್ಲಗೆ ಹೊರಬೀಳುತ್ತಿದ್ದಿತು. ಮಳೆಗಾಲದಲ್ಲಿ ಅಟ್ಟದ ಮೇಲಿನ ಸೌದೆಯನ್ನು ಒಣಗಿಸುವುದಕ್ಕೂ ಬಿದಿರು ಮರಗಳನ್ನು ಹುಳುಗಳಿಂದ ಕಾಯುವುದಕ್ಕೂ ಆ ಹೊಗೆ ಉಪಯೋಗವಾಗುತ್ತಿದ್ದುದೇನೋ ನಿಜವೇ. ಆದರೆ ಆ ಉಪಕಾರದ ಬೆಲೆಯನ್ನು ತೆತ್ತವರು ದಿನವೆಲ್ಲ ಒಲೆಯ ಮುಂದೆ ಕುಳಿತ ಹೆಂಗಸರು. ಅವರ ಕಣ್ಣು, ಅವರ ಶ್ವಾಸಕೋಶ.

ಆದುದರಿಂದ ಸುಧಾರಣೆ ಮೊದಲು ಹೊಗೆಯ ಮೇಲೆಯೇ ಕೈಯಿಟ್ಟಿತು. 1950ರ ದಶಕದ ಆದಿಯಲ್ಲಿ ಹೈದರಾಬಾದಿನ ಎಸ್. ಪಿ. ರಾಜು ಎಂಬ ಎಂಜಿನಿಯರು ಕೊಳವೆಯಿರುವ ಹೊಗೆರಹಿತ ಒಲೆಯನ್ನು ಪ್ರಚಾರಪಡಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಶಾಖೆಯು, ಸೌದೆಯೂ ಉಳಿದು ಹೊಗೆಯೂ ಹೊರಹೋಗುವಂತೆ ಒಂದು ಒಲೆಯನ್ನು ರೂಪಿಸಿತು. ‘ಅಸ್ತ್ರ ಒಲೆ’ ಎಂಬ ಹೆಸರಿನಿಂದ ಅದು ಕರ್ನಾಟಕದ ಹಳ್ಳಿಗಳನ್ನು ಸೇರಿತು.

ಇದರ ನಡುವೆ ಪಟ್ಟಣಗಳಲ್ಲಿ ಮತ್ತೊಂದು ಮಾರ್ಪಾಡು ನಡೆದಿದ್ದಿತು. ದ್ರವರೂಪದ ಅಡುಗೆ ಅನಿಲವು 1955ರಲ್ಲಿ ಮುಂಬಯಿಯಲ್ಲಿ ಮಾರಾಟಕ್ಕೆ ಬಂದಿತು. 1965ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ‘ಇಂಡೇನ್’ ಎಂಬ ಹೆಸರಿನಿಂದ ಅದನ್ನು ಮನೆಗಳಿಗೆ ಒದಗಿಸತೊಡಗಿತು. ಸಿಲಿಂಡರು ನೆಟ್ಟಗೆ ನಿಲ್ಲತಕ್ಕದ್ದು, ಒಲೆಯು ಅದಕ್ಕಿಂತ ಎತ್ತರದಲ್ಲಿರತಕ್ಕದ್ದು ಎಂಬುದು ಅಪಾಯ ನಿವಾರಣೆಯ ನಿಯಮ. ಈ ನಿಯಮದಿಂದ ಒಲೆ ನೆಲವನ್ನು ಬಿಟ್ಟು ಕಟ್ಟೆಯನ್ನೇರಿತು; ಕಟ್ಟೆಯ ಮೇಲೆ ಕಡಪದ ಕಲ್ಲು ಬಂದಿತು; ಕುಳಿತು ಅಡುಗೆ ಮಾಡುತ್ತಿದ್ದವರು ನಿಂತು ಮಾಡತೊಡಗಿದರು. ಒರಳು ಮೂಲೆಗೆ ಸರಿದು, ಅಟ್ಟ ಬರಿದಾಯಿತು.

ಇಂದು ಅಂಗಡಿಗಳಲ್ಲಿ ಬೀರುಗಳ ಸಾಲಾಗಿ ಮಾರುವ ‘ಮಾಡ್ಯುಲರ್’ ಅಡುಗೆಮನೆಯ ಮೂಲವೂ ಶ್ರಮದ ಲೆಕ್ಕದಲ್ಲಿಯೇ ಇದೆ. ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯದ ಶಿಲ್ಪಿ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಸಾಮಾನ್ಯ ಜನರ ವಸತಿಗಳಿಗಾಗಿ ಸುಮಾರು 1.9 ಮೀಟರು ಅಗಲ, 3.4 ಮೀಟರು ಉದ್ದದ ಅಡುಗೆಯ ಮನೆಯನ್ನು ಯೋಜಿಸಿದರು. ಅಂಥವು ಸುಮಾರು 10,000 ನಿರ್ಮಾಣವಾದುವು. ಆಕೆಯ ಉದ್ದೇಶ ನೋಟದ ಬೆಡಗಲ್ಲ; ಗೃಹಿಣಿಯು ವ್ಯರ್ಥವಾಗಿ ಇಡುವ ಹೆಜ್ಜೆಗಳನ್ನು ಕಡಮೆ ಮಾಡುವುದು.

ಇಷ್ಟರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ನೆಲೆನಿಂತ ಮಾರ್ಪಾಡುಗಳೆಲ್ಲವೂ ಅಲ್ಲಿ ಅಡುಗೆ ಮಾಡುವವರ ಅನುಕೂಲವನ್ನು ನೋಡಿ ಆದವು. ಮಾರುವುದಕ್ಕೆಂದು ತಿದ್ದಿಸುವ ಅಡುಗೆಯ ಮನೆಯಾದರೋ, ಇನ್ನು ಅಲ್ಲಿ ಅಡುಗೆ ಮಾಡದವರು, ಮುಂದೆ ಮಾಡುವವರನ್ನು ಕಾಣದೆಯೇ, ಅವರ ಅಭಿರುಚಿಯನ್ನು ಊಹಿಸಿ ಕಟ್ಟಿಸತಕ್ಕದ್ದು. ಊಹೆ ತಪ್ಪಿದರೆ ಹಣವೂ ಹೋಗುತ್ತದೆ, ಹೊಸ ಬೀರುಗಳೂ ಬೀದಿಗೆ ಬೀಳುತ್ತವೆ. ಬೆಂಗಳೂರಿನಲ್ಲಿ 1890ರ ದಶಕದಲ್ಲಿ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಎಷ್ಟೋ ಹಳೆಯ ಮನೆಗಳನ್ನು ಕೊಂಡವರು ನಿವೇಶನಕ್ಕಾಗಿ ಕೊಂಡರು. ಮನೆಯನ್ನೇ ಕೆಡವುವವನಿಗೆ ಅಡುಗೆಕಟ್ಟೆಯ ಹೊಳಪಿನಿಂದ ಏನು ಪ್ರಯೋಜನ? ಒಲೆ ಆಗ್ನೇಯದಲ್ಲಿಲ್ಲವೆಂದು ಹಿಂದೆಗೆಯುವವನನ್ನು ಹೊಸ ಬೀರುಗಳು ಒಲಿಸಲಾರವು. ಹಳೆಯ ಮನೆಯನ್ನು ಅದರ ಹಳೆತನಕ್ಕಾಗಿಯೇ ಮೆಚ್ಚಿ ಬರುವವನು, ಕೆಂಪು ಗಾರೆಯ ನೆಲದ ಮೇಲೆ ನುಣುಪು ಬಿಲ್ಲೆಗಳನ್ನು ಹಾಸಿರುವುದನ್ನು ಕಂಡು ವ್ಯಥೆಪಡುತ್ತಾನೆ. ಸುಣ್ಣದ ಗಾರೆಯ ಹಳೆಯ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಗೆ ಆರಿಹೋಗಲಾರದೆ ಗೋಡೆಯೇ ಕೆಡುವುದೂ ಉಂಟು.

ಕುಟುಂಬದ ಒಳಗಿನ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ತಂದೆಯ ಮನೆಯನ್ನು ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಸೇರಿ ಮಾರುವಾಗ, ಒಬ್ಬನು ಮುಂದಾಗಿ ತನ್ನ ಕೈಯಿಂದ ಖರ್ಚು ಮಾಡಿ ಅಡುಗೆಯ ಮನೆಯನ್ನು ತಿದ್ದಿಸಿದನೆನ್ನೋಣ. ಕ್ರಯ ಹೆಚ್ಚಿದರೆ ಆ ಹೆಚ್ಚಳ ಯಾರದು, ಹೆಚ್ಚದಿದ್ದರೆ ನಷ್ಟ ಯಾರದು ಎಂಬ ವಾದವು ಹಣಕ್ಕಿಂತ ದೊಡ್ಡದನ್ನು ಕೆಡಿಸಬಲ್ಲದು. ಕ್ರಯವಾಗುವವರೆಗೂ ವೃದ್ಧೆಯಾದ ತಾಯಿ ಅದೇ ಮನೆಯಲ್ಲಿದ್ದರೆ, ನಲವತ್ತು ವರುಷ ಕೈಗೆ ಪಳಗಿದ ಅಡುಗೆಯ ಮನೆಯನ್ನು ಕೊನೆಯ ತಿಂಗಳುಗಳಲ್ಲಿ ಅಗೆದುಹಾಕುವುದು ಆಕೆಗೆ ಎಷ್ಟರಮಟ್ಟಿನ ಹಿಂಸೆಯೆಂಬುದನ್ನೂ ಯೋಚಿಸತಕ್ಕದ್ದು.

ಹಾಗೆಂದು ಏನನ್ನೂ ಮಾಡಬಾರದೆಂದಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಪ್ರಕರಣವು ಇಲ್ಲಿ ಒಳ್ಳೆಯ ದಾರಿದೀಪ. ಬೇರೆ ಕರಾರಿಲ್ಲದ ಪಕ್ಷದಲ್ಲಿ, ಮಾರುವವನಿಗೆ ತಿಳಿದಿದ್ದು, ಕೊಳ್ಳುವವನಿಗೆ ತಿಳಿಯದೆ, ಸಾಧಾರಣ ಎಚ್ಚರಿಕೆಯಿಂದ ನೋಡಿದರೂ ಅವನಿಗೆ ಗೋಚರವಾಗದ ಮುಖ್ಯ ದೋಷವನ್ನು ತಿಳಿಸುವುದು ಮಾರುವವನ ಹೊಣೆ, ತಿಳಿಸದಿರುವುದು ವಂಚನೆಯೆನಿಸುತ್ತದೆ. ನೀರು ಜಿನುಗುವ ಗೋಡೆಗೆ ಬಣ್ಣ ಬಳಿಯುವುದು, ಒಡೆದ ಮೋರಿಯ ಮೇಲೆ ಬಿಲ್ಲೆ ಹಾಸುವುದು ಸುಧಾರಣೆಯಲ್ಲ, ಮರೆಮಾಚುವಿಕೆ. ಸೋರುವ ಕೊಳಾಯಿ, ಕಟ್ಟಿಕೊಂಡ ಬಚ್ಚಲು, ಹಳತಾದ ವಿದ್ಯುತ್ ತಂತಿ, ಹೊಗೆ ಹೋಗದ ಕಿಂಡಿ: ಇವನ್ನು ಸರಿಪಡಿಸುವ ವೆಚ್ಚ ಅಲ್ಪ, ಯಾವ ಬಗೆಯ ನಿವಾಸಿಗೂ ಅದು ಉಪಯುಕ್ತ. ಅಷ್ಟನ್ನು ಮಾಡಿಸಿ, ಸುಣ್ಣ ಹೊಡೆಸಿ, ಅಟ್ಟವನ್ನು ಬರಿದುಮಾಡಿ, ಮಿಕ್ಕುದನ್ನು ಇದ್ದಂತೆ ತೋರಿಸಿ, ಅದಕ್ಕೆ ತಕ್ಕ ಕ್ರಯವನ್ನು ಕೇಳುವುದೇ ಲೇಸು. ಬಿಟ್ಟುಕೊಟ್ಟ ಹಣದಿಂದ ಕೊಳ್ಳುವವನು ತನಗೆ ಬೇಕಾದ ಒಲೆಯನ್ನು ತಾನೇ ಹೂಡಿಕೊಳ್ಳುವನು.

ಅದೇ ಕಾಯಿದೆಯ 8ನೆಯ ಪ್ರಕರಣವನ್ನೂ ಕ್ರಯಪತ್ರಕ್ಕೆ ಮೊದಲು ಓದಿಕೊಳ್ಳುವುದು ಮೇಲು. ಬೇರೆ ಅಭಿಪ್ರಾಯ ಕಂಡುಬಾರದಿದ್ದರೆ, ಮನೆಯೊಡನೆ ಅದರ ಬೀಗ, ಬೀಗದ ಕೈ, ಬಾಗಿಲು, ಕಿಟಕಿಗಳೂ, ಶಾಶ್ವತ ಉಪಯೋಗಕ್ಕೆಂದು ಏರ್ಪಟ್ಟ ಇತರ ವಸ್ತುಗಳೂ ಕೊಳ್ಳುವವನಿಗೆ ಸೇರುತ್ತವೆ. ಗೋಡೆಗೆ ಹೊಂದಿಸಿದ ಹೊಸ ಬೀರುಗಳ ಗತಿಯೂ ಅಷ್ಟೆ, ನೆಲದಲ್ಲಿ ಹೂತ ಒರಳಿನ ಗತಿಯೂ ಅಷ್ಟೆ. ಅಜ್ಜಿಯ ಒರಳು ಹೊಸ ಮನೆಗೂ ಬರಬೇಕೆಂಬ ಆಸೆ ಮಗಳಿಗೋ ಸೊಸೆಗೋ ಇದ್ದಲ್ಲಿ, ಅದನ್ನು ಕರಾರಿನಲ್ಲಿ ಮೊದಲೇ ಒಂದು ಸಾಲಿನಲ್ಲಿ ಬರೆಯಿಸಿಡತಕ್ಕದ್ದು.