ಆಟ ಮತ್ತು ಜಪಮಾಲೆ: ಕ್ರೀಡಾಪ್ರೇಮಿ ಅಜ್ಜನ ನೆನಪನ್ನು ಉಳಿಸುವ ಬಗೆ

ಸುಳ್ಯ ತಾಲೂಕಿನ ಮರ್ಕಂಜ ಗುಡ್ಡಗಳ ನಡುವೆ ಅಡಿಕೆ ತೋಟಗಳಿರುವ ಗ್ರಾಮ. ಇಂಥ ಊರುಗಳ ಕಥೋಲಿಕ ಮನೆಯಲ್ಲಿ ಅಜ್ಜ ತೀರಿಕೊಂಡರೆ ಚರ್ಚಿನ ಮರಣ ಪುಸ್ತಕಕ್ಕೆ ಒಂದು ಸಾಲು ಸೇರುತ್ತದೆ: ಹೆಸರು, ಪ್ರಾಯ, ದಿನಾಂಕ. ಅಂತಿಮ ಪೂಜೆಯ ಬಳಿಕ ಯಾರಾದರೊಬ್ಬರು ಎರಡು ಮಾತು ಹೇಳುತ್ತಾರೆ: ದೈವಭಕ್ತರು, ಕ್ರೀಡಾಪ್ರೇಮಿ, ಎಲ್ಲರಿಗೂ ಬೇಕಾದವರು. ಅವರು ಯಾವ ಆಟ ಆಡುತ್ತಿದ್ದರು, ಎಲ್ಲಿ, ಯಾರ ಜೊತೆ ಎಂಬುದನ್ನು ಯಾರೂ ಬರೆದಿಟ್ಟಿರುವುದಿಲ್ಲ. ಜೊತೆಗೆ ಆಡಿದವರೂ ಒಬ್ಬೊಬ್ಬರಾಗಿ ಹೋದ ಮೇಲೆ ಕೇಳೋಣವೆಂದರೂ ಯಾರಿರುವುದಿಲ್ಲ. ಅಂಥ ಹಿರಿಯರ ಬದುಕನ್ನು ಸರಿಯಾಗಿ ದಾಖಲಿಸಿ ನೆನೆಯಲು ಬಯಸುವ ಕುಟುಂಬಗಳಿಗೆ ನೆರವಾಗುವ ಕೆಲವು ಮಾಹಿತಿಗಳನ್ನು ಇಲ್ಲಿ ಕೊಡಲಾಗಿದೆ.

ಎರಡು ಪರಂಪರೆಯ ಮನೆಗಳು

ಪುತ್ತೂರು, ಸುಳ್ಯ, ಕಡಬ ಭಾಗದ ಕಥೋಲಿಕರೆಲ್ಲ ಒಂದೇ ಪರಂಪರೆಯವರಲ್ಲ. ಕೊಂಕಣಿ ಮಾತನಾಡುವ ಲ್ಯಾಟಿನ್ ವಿಧಿಯವರು ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವರು. ಅವರ ಮನೆಗಳಲ್ಲಿ ಅಜ್ಜನಿಗೆ 'ಆಬ್' ಎನ್ನುವುದುಂಟು. ಕೇರಳದಿಂದ ವಲಸೆ ಬಂದು ಕಾಡಂಚಿನಲ್ಲಿ ಕೃಷಿ ಮಾಡಿದ ಮಲಯಾಳಿ ಕುಟುಂಬಗಳಲ್ಲಿ ಅವರು 'ವಲ್ಯಪ್ಪಚ್ಚನ್'. ಈ ಕುಟುಂಬಗಳಲ್ಲಿ ಸಿರೋ ಮಲಬಾರ್ ವಿಧಿಯವರಿಗೆ 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಅದಕ್ಕೆ ಮೊದಲು ಅವರು ತಲಶ್ಶೇರಿಯ ಆಡಳಿತಕ್ಕೆ ಒಳಪಟ್ಟಿದ್ದರು. ಸಿರೋ ಮಲಂಕರ ವಿಧಿಯವರಿಗೆ 2010ರಲ್ಲಿ ಪುತ್ತೂರು ಧರ್ಮಪ್ರಾಂತ್ಯ ರಚನೆಯಾಯಿತು. ಅಜ್ಜನ ದಾಖಲೆ ಹುಡುಕುವವರು ಮೊದಲು ಈ ವಿಷಯವನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಚರ್ಚಿನ ಪುಸ್ತಕಗಳಲ್ಲಿ ಸಿಗುವುದು

ಜ್ಞಾನಸ್ನಾನ, ವಿವಾಹ ಮತ್ತು ಮರಣದ ಪುಸ್ತಕಗಳನ್ನು ಪ್ರತಿಯೊಂದು ಧರ್ಮಕೇಂದ್ರದಲ್ಲಿ ಇಡಬೇಕೆಂಬುದು ಧರ್ಮಸಭೆಯ ನಿಯಮ. ಜ್ಞಾನಸ್ನಾನದ ದಾಖಲೆಯಲ್ಲಿ ತಂದೆ ತಾಯಿಯ ಹೆಸರಿನೊಂದಿಗೆ ಜ್ಞಾನಪಿತ, ಜ್ಞಾನಮಾತೆಯರ ಹೆಸರೂ ಇರುತ್ತದೆ. ದೃಢೀಕರಣ, ವಿವಾಹಗಳ ವಿವರವನ್ನೂ ಅದೇ ಸಾಲಿನ ಬದಿಯಲ್ಲಿ ಗುರುತಿಸುವ ಕ್ರಮವಿದೆ. ಅಜ್ಜ ಹುಟ್ಟಿದಾಗ ಹತ್ತಿರದಲ್ಲಿ ಚರ್ಚ್ ಇಲ್ಲದಿದ್ದರೆ ಜ್ಞಾನಸ್ನಾನ ದೂರದ ಮಾತೃ ಚರ್ಚಿನಲ್ಲಿ ಆಗಿರಬಹುದು. ಆದ್ದರಿಂದ ಸುಳ್ಯದಲ್ಲಿ ಸಿಗದ ಹೆಸರನ್ನು ಪುತ್ತೂರಿನಲ್ಲಿಯೂ ವಿಚಾರಿಸಬೇಕು. 1956ರ ನವೆಂಬರ್ 1ರ ವರೆಗೆ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಹಳೆಯ ಶಾಲಾ ಪತ್ರದಲ್ಲಿ ಮದ್ರಾಸ್ ಎಂದು ಕಂಡರೆ ಅಜ್ಜ ಅಲ್ಲಿ ಹೋಗಿ ಓದಿದರೆಂದು ತಿಳಿಯಬಾರದು.

ಪುಸ್ತಕಗಳಲ್ಲಿ ಸಿಗದ ಆಟ

ಅಜ್ಜ ಆಡಿದ ಆಟ ಮಾತ್ರ ಯಾವ ಪುಸ್ತಕದಲ್ಲಿಯೂ ಇಲ್ಲ. ಅದನ್ನು ಬಾಯಿಮಾತಿನಿಂದಲೇ ಸಂಗ್ರಹಿಸಬೇಕು. ನಮ್ಮ ಕಡೆ ವಾಲಿಬಾಲ್, ಕಬಡ್ಡಿ, ಹಗ್ಗಜಗ್ಗಾಟಗಳಿಗೆ ಖರ್ಚು ಕಡಿಮೆ, ಉಮೇದು ಹೆಚ್ಚು. ಎರಡು ಕಂಬ, ಒಂದು ನೆಟ್, ಸಮತಟ್ಟಾದ ಸ್ವಲ್ಪ ಜಾಗ ಇದ್ದರೆ ಸಂಜೆಯ ವಾಲಿಬಾಲ್ ಆಟಕ್ಕೆ ಸಾಕು.

ಕೇಳುವಾಗ ಅಂದಿನ ನಿಯಮಗಳು ನಮಗೆ ತಿಳಿದಿರಬೇಕು. ಹಳೆಯ ವಾಲಿಬಾಲಿನಲ್ಲಿ ಸರ್ವಿಸ್ ಇದ್ದ ತಂಡಕ್ಕೆ ಮಾತ್ರ ಅಂಕ ಸಿಗುತ್ತಿತ್ತು, ಸೆಟ್ 15 ಅಂಕಗಳಿಗೆ ಮುಗಿಯುತ್ತಿತ್ತು. ಪ್ರತಿ ರ‍್ಯಾಲಿಗೂ ಅಂಕ ಕೊಟ್ಟು 25ಕ್ಕೆ ಸೆಟ್ ಮುಗಿಸುವ ಪದ್ಧತಿ 1990ರ ದಶಕದ ಕೊನೆಯಲ್ಲಿ ಬಂತು. "ಸರ್ವಿಸ್ ಅತ್ತಿತ್ತ ಹೋಯಿತು, ಅರ್ಧ ಗಂಟೆ ಆದರೂ ಅಂಕ ಏರಲಿಲ್ಲ" ಎಂದು ಹಿರಿಯರು ಹೇಳಿದರೆ ಅದು ಉತ್ಪ್ರೇಕ್ಷೆಯೇ ಆಗಬೇಕೆಂದಿಲ್ಲ. ಹಾಗೆಯೇ ಹಳೆಯ ಪ್ರಶಸ್ತಿಪತ್ರದಲ್ಲಿ ಓಟದ ದೂರ ಗಜದಲ್ಲಿ ಇರಬಹುದು. 100 ಗಜವೆಂದರೆ 91.44 ಮೀಟರ್.

ವರ್ಷ ನೆನಪಿಲ್ಲ ಎನ್ನುವವರನ್ನು ಬೇರೆ ರೀತಿಯಲ್ಲಿ ಕೇಳಿ. 1975ರ ಮಾರ್ಚ್‌ನಲ್ಲಿ ಕೌಲಾಲಂಪುರದಲ್ಲಿ ಭಾರತ ಹಾಕಿ ವಿಶ್ವಕಪ್ ಗೆದ್ದಾಗ ರೇಡಿಯೋ ಯಾರ ಮನೆಯಲ್ಲಿ ಕೇಳಿದಿರಿ? 1983ರ ಜೂನ್‌ನಲ್ಲಿ ಕ್ರಿಕೆಟ್ ವಿಶ್ವಕಪ್ ಗೆದ್ದಾಗ ಎಲ್ಲಿದ್ದಿರಿ? ಅದರಿಂದ ಮದುವೆ, ಮನೆ ಕಟ್ಟಿದ್ದು, ತೋಟ ಕೊಂಡದ್ದು ಎಲ್ಲವೂ ಒಂದೊಂದಾಗಿ ನೆನಪಿಗೆ ಬರುತ್ತವೆ.

ಪೇರಾವೂರಿನ ಒಬ್ಬ ತಂದೆ

ಕಣ್ಣೂರು ಜಿಲ್ಲೆಯ ಪೇರಾವೂರಿನ ಜಾರ್ಜ್ ಜೋಸೆಫ್ ವಕೀಲರು, ಕಾಲೇಜು ದಿನಗಳಲ್ಲಿ ವಾಲಿಬಾಲ್ ಆಡಿದವರು. ಅವರು ಮಕ್ಕಳಿಗೆ ಮನೆಯಲ್ಲಿಯೇ ಆಟ ಕಲಿಸಿದರು. ಎಂಟು ಮಂದಿ ಗಂಡುಮಕ್ಕಳು ಸೇರಿ ಒಂದು ತಂಡವೇ ಆಯಿತು. ಅವರಲ್ಲಿ 1955ರಲ್ಲಿ ಹುಟ್ಟಿದ ಜಿಮ್ಮಿ ಜಾರ್ಜ್ ಭಾರತದ ಪ್ರಸಿದ್ಧ ವಾಲಿಬಾಲ್ ಆಟಗಾರರಾಗಿ ಅರ್ಜುನ ಪ್ರಶಸ್ತಿ ಪಡೆದರು. 1986ರ ಸಿಯೋಲ್ ಏಷ್ಯಾಡ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. ಇಟಲಿಯಲ್ಲಿ ಆಡುತ್ತಿದ್ದಾಗ 1987ರ ನವೆಂಬರ್ 30ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ತಮ್ಮ ರಾಬರ್ಟ್ ಬಾಬಿ ಜಾರ್ಜ್ ತರಬೇತಿಯಲ್ಲಿ ಅಂಜು ಬಾಬಿ ಜಾರ್ಜ್ 2003ರ ಪ್ಯಾರಿಸ್ ವಿಶ್ವ ಅಥ್ಲೆಟಿಕ್ಸ್‌ನಲ್ಲಿ 6.70 ಮೀಟರ್ ಉದ್ದ ಜಿಗಿದು ಕಂಚು ಗೆದ್ದರು.

ಮಗ ಹೆಸರು ಮಾಡಿದ್ದರಿಂದ ಆ ತಂದೆಯ ವಿಷಯ ನಮಗೆ ಗೊತ್ತಾಗಿದೆ. ನಮ್ಮ ಊರುಗಳಲ್ಲಿ ಮಕ್ಕಳಿಗೆ ಆಟ ಕಲಿಸಿದ ಅನೇಕ ಅಜ್ಜಂದಿರಿಗೆ ಆ ಅವಕಾಶ ಸಿಗಲಿಲ್ಲ. ಅವರ ವಿಷಯ ಉಳಿಯಬೇಕಾದರೆ ಮನೆಯವರೇ ಬರೆಯಬೇಕು.

ಧರ್ಮಸಭೆಯ ನೋಟ

ಆಟ ಬೇರೆ, ಭಕ್ತಿ ಬೇರೆ ಎಂಬ ಭಾವನೆ ಕೆಲವರಲ್ಲಿದೆ. ಆದರೆ ಸಂತ ಪೌಲರು ತಮ್ಮ ಪತ್ರಗಳಲ್ಲಿ ವಿಶ್ವಾಸದ ಬದುಕನ್ನು ಓಟದ ಸ್ಪರ್ಧೆಗೆ ಹೋಲಿಸಿದ್ದಾರೆ. ಬಾಲ್ಯದಲ್ಲಿ ಗೋಲ್‌ಕೀಪರ್ ಆಗಿದ್ದ ಸಂತ ಎರಡನೇ ಜಾನ್ ಪಾಲ್ ಅವರು 2000ದ ಅಕ್ಟೋಬರ್ 29ರಂದು ರೋಮ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಕ್ರೀಡಾಪಟುಗಳ ಜುಬಿಲಿಯ ಬಲಿಪೂಜೆ ಅರ್ಪಿಸಿದರು. 2018ರ ಜೂನ್ 1ರಂದು ವ್ಯಾಟಿಕನ್ ಕ್ರೀಡೆಯ ಕುರಿತೇ ಒಂದು ದಾಖಲೆ ಪ್ರಕಟಿಸಿತು. 2025ರ ಜೂನ್ 14 ಮತ್ತು 15ರಂದು ರೋಮ್‌ನಲ್ಲಿ ಮತ್ತೆ ಕ್ರೀಡಾ ಜುಬಿಲಿ ನಡೆಯಿತು. ಭಾನುವಾರ ಪೂಜೆ ಮುಗಿಸಿ ಬಂದು ನೆಟ್ ಕಟ್ಟಿ, ಸಂಜೆ ಮನೆಗೆ ಹೋಗಿ ಮಕ್ಕಳನ್ನು ಕೂರಿಸಿಕೊಂಡು ಜಪಮಾಲೆ ಹೇಳಿದ ಅಜ್ಜನಿಗೆ ಈ ಎರಡೂ ಒಂದೇ ಬದುಕಿನ ಭಾಗಗಳಾಗಿದ್ದವು.

ನೆನೆಯುವ ದಿನಗಳು

ಮರಣದ 7ನೇ ಮತ್ತು 30ನೇ ದಿನದ ಪೂಜೆ ಹಳೆಯ ಪದ್ಧತಿ. ಸಿರಿಯನ್ ಪರಂಪರೆಯ ಮನೆಗಳಲ್ಲಿ 41ನೇ ದಿನಕ್ಕೆ ಪ್ರಾಮುಖ್ಯವಿದೆ. ಲ್ಯಾಟಿನ್ ವಿಧಿಯಲ್ಲಿ ನವೆಂಬರ್ 2 ಸಕಲ ಮೃತರ ಸ್ಮರಣೆಯ ದಿನ. ಅಂದು ಸಮಾಧಿಗಳ ಆಶೀರ್ವಾದಕ್ಕಾಗಿ ಕುಟುಂಬದವರು ಸ್ಮಶಾನದಲ್ಲಿ ಸೇರುತ್ತಾರೆ. ಜೀವಂತ ಇರುವ ಹಿರಿಯರಿಗಾಗಿ ಪೋಪ್ ಫ್ರಾನ್ಸಿಸ್ 2021ರಲ್ಲಿ ಅಜ್ಜ ಅಜ್ಜಿಯರ ಮತ್ತು ವಯೋವೃದ್ಧರ ವಿಶ್ವ ದಿನವನ್ನು ಸ್ಥಾಪಿಸಿದರು. ಯೇಸುವಿನ ಅಜ್ಜ ಅಜ್ಜಿ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬ ಜುಲೈ 26 ಆದುದರಿಂದ ಅದನ್ನು ಜುಲೈ ತಿಂಗಳ ನಾಲ್ಕನೇ ಭಾನುವಾರ ಆಚರಿಸಲಾಗುತ್ತದೆ. ಅಜ್ಜನ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಲು ಆ ದಿನ ಅತ್ಯಂತ ಸೂಕ್ತ.

ಬರೆಯುವವರಿಗೆ ಒಂದು ಮಾತು

ಮರ್ಕಂಜ, ಅರಂತೋಡು, ಸಂಪಾಜೆ ಕಡೆ ಹಳದಿ ಎಲೆ ರೋಗದಿಂದ ಅಡಿಕೆ ತೋಟಗಳು ಹಾಳಾಗಿವೆ. ಹಲವು ಮನೆಗಳ ಮಕ್ಕಳು ದುಡಿಮೆಗಾಗಿ ಬೆಂಗಳೂರು, ಕೊಲ್ಲಿ ದೇಶಗಳಿಗೆ ಹೋಗಿದ್ದಾರೆ. ಅಲ್ಲಿ ಬೆಳೆಯುವ ಮೊಮ್ಮಕ್ಕಳು ಅಜ್ಜ ಆಡಿದ ಜಾಗವನ್ನು ನೋಡಿಲ್ಲ. ಅವರಿಗಾಗಿ ಬರೆಯುವಾಗ ಅಜ್ಜನನ್ನು ಸಂತನನ್ನಾಗಿ ಮಾಡುವ ಅಗತ್ಯವಿಲ್ಲ. ಸೋತ ಪಂದ್ಯ, ಲೈನ್ ಔಟ್ ವಿಷಯದಲ್ಲಿ ಆದ ಜಗಳ, ಆಮೇಲೆ ರಾಜಿಯಾದದ್ದು ಎಲ್ಲವನ್ನೂ ಬರೆಯಿರಿ. ಹಳೆಯ ತಂಡದ ಫೋಟೋ ಇದ್ದರೆ ಅದರ ಹಿಂದೆ ಎಡದಿಂದ ಬಲಕ್ಕೆ ಹೆಸರುಗಳನ್ನು ಇಂದೇ ಗುರುತು ಹಾಕಿ. ಆ ಹೆಸರು ಹೇಳಬಲ್ಲವರು ಊರಿನಲ್ಲಿ ಇನ್ನೂ ಒಬ್ಬಿಬ್ಬರು ಇರಬಹುದು. ಈ ವಾರವೇ ಅವರ ಮನೆಗೆ ಹೋಗಿ ಬನ್ನಿ.

ಅಗಲಿದ ಎಲ್ಲ ಹಿರಿಯರಿಗೂ ದೇವರು ನಿತ್ಯ ವಿಶ್ರಾಂತಿ ನೀಡಲಿ.