ವೆರಿ, ರಿಯಲಿ, ಕ್ವೈಟ್

ಇಂಗ್ಲಿಷಿನ 'ವೆರಿ' ಹುಟ್ಟಿನಿಂದ ಒತ್ತು ಕೊಡುವ ಪದವಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಹಳೆಯ ಫ್ರೆಂಚಿನಿಂದ ಬಂದ 'ವೆರೈ' ಅದರ ಮೂಲ, ಅರ್ಥ 'ನಿಜವಾದ'. ಬೇರು ಲ್ಯಾಟಿನ್ನಿನ 'ವೇರುಸ್'. 'ದಿ ವೆರಿ ಮ್ಯಾನ್' ಎಂದರೆ 'ಸಾಕ್ಷಾತ್ ಅವನೇ' ಎನ್ನುವಲ್ಲಿ ಆ ಹಳೆಯ ಅರ್ಥ ಇನ್ನೂ ಜೀವಂತವಾಗಿದೆ. ಉಳಿದೆಡೆ, ನಿಜ ನಿಜ ಎಂದು ಹೇಳಿ ಹೇಳಿ ಪದದೊಳಗಿನ ನಿಜ ಸವೆದು 'ಬಹಳ' ಎಂಬುದಷ್ಟೇ ಉಳಿಯಿತು. 'ರಿಯಲಿ' ಹಿಡಿದಿರುವುದೂ ಅದೇ ದಾರಿ.

ಹಾಗೆಂದು ಎರಡೂ ಒಂದೇ ಅಲ್ಲ. 'ವೆರಿ' ಕ್ರಿಯಾಪದದ ಹತ್ತಿರ ಸುಳಿಯುವುದಿಲ್ಲ. 'ಐ ರಿಯಲಿ ಲೈಕ್ ಇಟ್' ಸರಿ, 'ಐ ವೆರಿ ಲೈಕ್ ಇಟ್' ತಪ್ಪು. ನಮ್ಮ 'ತುಂಬಾ' ಎರಡು ಕಡೆಗೂ ಸಲ್ಲುತ್ತದೆ: ತುಂಬಾ ಚೆನ್ನಾಗಿದೆ, ತುಂಬಾ ಇಷ್ಟಪಟ್ಟೆ. ಕನ್ನಡದ ಮಕ್ಕಳು ಇಲ್ಲಿ ಎಡವಿದರೆ ಅದು ದಡ್ಡತನವಲ್ಲ, ತಾಯ್ನುಡಿಯ ಅಭ್ಯಾಸ ಎಂಬುದನ್ನು ಮೇಷ್ಟರುಗಳು ನೆನಪಿಡಬೇಕು.

ಹೆಚ್ಚು ಎಚ್ಚರ ಬೇಡುವುದು 'ಕ್ವೈಟ್'. 'ಕ್ವೈಟ್ ಇಂಪಾಸಿಬಲ್' ಎಂದರೆ ಸಂಪೂರ್ಣ ಅಸಾಧ್ಯ. ಆದರೆ 'ಕ್ವೈಟ್ ಗುಡ್' ಎಂದು ಬ್ರಿಟನ್ನಿನವರು ಹೇಳಿದರೆ ಸಾಮಾನ್ಯವಾಗಿ 'ಪರವಾಗಿಲ್ಲ' ಎಂದರ್ಥ. ಅಮೆರಿಕದವರ ಬಾಯಲ್ಲಿ ಅದು 'ಬಹಳ ಚೆನ್ನಾಗಿದೆ' ಎಂಬುದರ ಹತ್ತಿರಕ್ಕೆ ಬರುತ್ತದೆ. ವಿದೇಶಕ್ಕೆ ಹೊರಟ ವಿದ್ಯಾರ್ಥಿಯ ಶಿಫಾರಸು ಪತ್ರದಲ್ಲಿ ಈ ಪದವನ್ನು ಬಳಸದಿರುವುದೇ ಒಳ್ಳೆಯದು.

'ಟೂ' ಹೇಳುವುದು ಮಿತಿ ಮೀರಿದ್ದನ್ನು. ನಮ್ಮೂರುಗಳಲ್ಲಿ 'ಟೂ ಗುಡ್' ಮೆಚ್ಚುಗೆಯೇ ಸರಿ. ಆದರೆ ಕಾಫಿ 'ಟೂ ಹಾಟ್' ಎಂದರೆ ಕುಡಿಯಲಾಗದಷ್ಟು ಬಿಸಿ. ಹಬೆಯಾಡುವ ಕಾಫಿಯನ್ನು ಹೊಗಳಲು 'ವೆರಿ' ಸಾಕು.